ನಾನು ಬದಲಿಸಿದ ಆಪ್ಷನ್ ಪಟ್ಟಿ

ಸಿಇಟಿ ಬರೆದ ವರ್ಷ ಮಗಳು ಮೀನುಗಾರಿಕೆ ವಿಜ್ಞಾನವನ್ನೇ ಓದುತ್ತೇನೆ ಎಂದು ಹಟ ಹಿಡಿದಳು. ರಾಮಕೃಷ್ಣನಗರದ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಹಿಂದೊಮ್ಮೆ ಹತ್ತಿರದ ಕೆರೆಯಲ್ಲಿ ಮೀನುಗಳು ಸತ್ತು ತೇಲಿದ್ದನ್ನು ನೋಡಿ ಬಂದವಳು, ನೀರಿಗೆ ಏನಾಗಿರಬಹುದೆಂದು ವಾರಗಟ್ಟಲೆ ಹುಡುಕಿ ಓದಿದ್ದಳು. ಅಲ್ಲಿಂದ ಹತ್ತಿದ ಹುಚ್ಚು ಅದು. "ನಿನ್ನಿಷ್ಟ ಕಣಮ್ಮ" ಎಂದೆ. ಮಕ್ಕಳ ಮನಸ್ಸಿಗೆ ಬೆಲೆ ಕೊಡುವ ಅಪ್ಪ ಎನ್ನಿಸಿಕೊಳ್ಳುವುದು ನನಗೆ ಹಿತವಾಗಿತ್ತು.

ಹೊರರಾಜ್ಯದ ಕಾಲೇಜುಗಳನ್ನೂ ವಿಚಾರಿಸಿ, ಸಮುದ್ರ ಪಕ್ಕದಲ್ಲೇ ಇರಬೇಕು ಎಂದು ಅವಳು ಮಂಗಳೂರನ್ನು ಆರಿಸಿಕೊಂಡಳು. ಕುವೆಂಪುನಗರದ ಒಂದು ಸೈಬರ್ ಸೆಂಟರಿನಲ್ಲಿ ಕೂತು ಅದನ್ನು ಮೊದಲ ಆಪ್ಷನ್ ಆಗಿ ತುಂಬಿದಳು. ಕೆಳಗೆ ಕೃಷಿ ಕಾಲೇಜುಗಳು. ಅಂಗಡಿಯವರು ಒಂದೊಂದನ್ನೂ ಓದಿ ಹೇಳಿ ಪ್ರಿಂಟ್ ತೆಗೆದುಕೊಟ್ಟರು.

ಮರುದಿನ ಭಾನುವಾರ. ನೆಂಟರ ಮನೆಯ ನಾಮಕರಣದಲ್ಲಿ ನನ್ನ ಭಾವ ಪಂಕ್ತಿಯಲ್ಲೇ ಕೇಳಿದರು: "ಏನ್ ಮೇಷ್ಟ್ರೇ, ಮಗಳನ್ನ ಮೀನು ಮಾರೋಕೆ ಕಳಿಸ್ತಿದೀರಂತೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು, ಅವಳು ಮಲಗಿದ್ದ ಮಧ್ಯಾಹ್ನ, ಸಿಇಟಿ ವೆಬ್‌ಸೈಟಿಗೆ ಲಾಗಿನ್ ಆಗಿ ಮಂಗಳೂರನ್ನು ಪಟ್ಟಿಯ ಕೊನೆಗೆ ತಳ್ಳಿದೆ. ಓಟಿಪಿ ನನ್ನ ಫೋನಿಗೇ ಬರುತ್ತಿತ್ತು.

ಅಂತಿಮ ಹಂಚಿಕೆಗೆ ಮೊದಲು ನಡೆಯುವ ಅಣಕು ಸೀಟು ಹಂಚಿಕೆಯಲ್ಲಿ ಅವಳಿಗೆ ಕೃಷಿ ಬಂತು. ಪಟ್ಟಿ ತೆಗೆದು ನೋಡಿದವಳ ಮುಖ ಬಿಳಿಚಿಕೊಂಡಿತು.

"ಅಪ್ಪ, ಮೊದಲನೇದು ಕೊನೆಗೆ ಹೋಗ್ಬುಟ್ಟಿದೆ. ಆ ಸೈಬರ್‌ನೋರು ಏನೋ ತಪ್ಪು ಮಾಡಿದಾರೆ."

ಆಗಲೇ ಹೇಳಬಹುದಿತ್ತು. ನಾನು ಸ್ಕೂಟರ್ ತೆಗೆದೆ.

ಅಂಗಡಿಯ ತುಂಬ ಜನರಿದ್ದರು. ಮಗಳು ಅಳುತ್ತಲೇ ಜಗಳಕ್ಕೆ ನಿಂತಳು. "ನಿಮ್ಮನ್ನ ನಂಬಿದ್ದಕ್ಕೆ ನನ್ನ ಸೀಟೇ ಹೋಗ್ತಿತ್ತಲ್ಲ. ಗೊತ್ತಿಲ್ದಿದ್ರೆ ಯಾಕೆ ಈ ಕೆಲಸ ಮಾಡ್ತೀರಿ?"

ಅಂಗಡಿಯವರು ಕಂಪ್ಯೂಟರ್ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ನನ್ನಿಂದ್ಲೇ ತಪ್ಪಾಗಿರ್ಬೇಕು ಕಣಮ್ಮ. ಇನ್ನೂ ಟೈಮಿದೆ, ಕೂತ್ಕೋ, ಸರಿ ಮಾಡೋಣ."

ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತಿದ್ದೆ.

ಅವಳಿಗೆ ಮಂಗಳೂರೇ ಸಿಕ್ಕಿತು. ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ ನಾನು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟೆ. ಮತ್ತೆ ಆ ಅಂಗಡಿಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು.

"ಪಟ್ಟಿ ಬದಲಾಯಿಸಿದ್ದು ನಾನು" ಎಂದೆ.

"ಅವತ್ತೇ ಗೊತ್ತಾಯ್ತು ಸಾರ್" ಎಂದರು ಅವರು, ಮೆಲ್ಲಗೆ. "ಕಡೇ ಸಲ ತಿದ್ದಿದ ತಾರೀಖು ಅದ್ರಲ್ಲೇ ಇತ್ತು. ಭಾನುವಾರ ನಾನು ಅಂಗಡಿ ತೆಗೆಯೋದೇ ಇಲ್ಲ. ಓಟಿಪಿ ಬರೋದೂ ನಿಮ್ಮ ಫೋನಿಗೇ. ಮಗು ಮುಂದೆ ಹೇಳೋದು ಬೇಡ ಅನ್ನಿಸ್ತು."

ಬಾಗಿಲ ಬಳಿ ನಿಂತು ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಅಷ್ಟು ಜನರ ಮುಂದೆ ಅವರನ್ನ ಅಂದೆನಲ್ಲಪ್ಪ" ಎಂದಳು. "ಅವರಿಗೆ ಫೋನ್ ಕೊಡಿ."

ಕೊಟ್ಟೆ. ಅವರಿಬ್ಬರೂ ಮಾತಾಡಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಬಳಿ ನಿಂತಿದ್ದೆ. ಅವರು ಫೋನ್ ತಂದುಕೊಟ್ಟಾಗ ಅವಳು ಕಾಲ್ ಕಟ್ ಮಾಡಿಯಾಗಿತ್ತು.