ಗಾಲಿಗಳ ಪೆಟ್ಟಿಗೆ

ನಮ್ಮ ದೊಡ್ಡತ್ತೆ ನರ್ಸ್ ಆಗಿದ್ದಳು. ಮೂವತ್ತೊಂದು ವರ್ಷ ಸೈಕಲ್ ಮೇಲೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದವಳು. ನಿವೃತ್ತಿಯಾದ ದಿನ, ಒಂದು ಸಲವಾದರೂ ಯಾರೂ ಕರೆಯದ ಕಡೆಗೆ ಸೈಕಲ್ ಹೊಡೆಯಬೇಕು ಅಂದಿದ್ದಳು. ಆ ಮಾತು ಹಿಡಿದುಕೊಂಡು ಪರದೇಶದ ಪ್ರವಾಸ ಗೊತ್ತುಮಾಡಿದವಳು ಅವಳ ತಂಗಿ, ನಮ್ಮ ಚಿಕ್ಕತ್ತೆ. ನದಿಯ ದಂಡೆಗುಂಟ ಹನ್ನೆರಡು ದಿನ, ಅಕ್ಕತಂಗಿ ಇಬ್ಬರೇ.

ಇಬ್ಬರೂ ತಂತಮ್ಮ ಸೈಕಲ್ ಇಲ್ಲಿಂದಲೇ ಒಯ್ಯುವುದೆಂದಾಯಿತು. ಆದರೆ ಒಂದು ಪೆಟ್ಟಿಗೆಯಲ್ಲಿ ಇಡೀ ಸೈಕಲ್ ಹಿಡಿಸಲಿಲ್ಲ. ಎರಡೂ ಫ್ರೇಮು, ಪೆಡಲು ದೊಡ್ಡತ್ತೆಯ ಪೆಟ್ಟಿಗೆಗೆ, ನಾಲ್ಕೂ ಗಾಲಿ ಚಿಕ್ಕತ್ತೆಯದಕ್ಕೆ ಎಂದು ಹಂಚಿಕೊಟ್ಟವನು ನಾನೇ. ಚಿಕ್ಕತ್ತೆ ತನ್ನದನ್ನು ತಾನೇ ಕಟ್ಟಿಕೊಳ್ಳುತ್ತೇನೆ ಅಂದಳು.

ಅಲ್ಲಿ ಮೂರನೇ ಮಹಡಿಯ ಬಾಡಿಗೆ ಕೋಣೆ, ಎರಡು ಮಂಚ, ಒಂದು ಕಿಟಕಿ. ದೊಡ್ಡತ್ತೆ ಮುಖ ಕೂಡ ತೊಳೆಯದೆ ಪೇಪರ್ ಹಾಸಿ, ಹೆರಿಗೆಗೆ ಕತ್ತರಿ, ದಾರ ಜೋಡಿಸುತ್ತಿದ್ದ ಹಾಗೆ ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟಳು. ಎಡಗಡೆ ಪೆಡಲನ್ನು ಉಲ್ಟಾ ತಿರುಗಿಸಿ ಬಿಗಿಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾಲ್ಕೂ ಪೆಡಲ್ ಕೂರಿಸಿ ಗಾಲಿ ಕೇಳಿದಳು. ಚಿಕ್ಕತ್ತೆ ಮಂಡಿನೋವಿನ ಮಾತು ತೆಗೆದಳು, ನಾಳೆ ನೋಡೋಣ ಅಂದಳು.

“ಇನ್ನೂ ತುಳಿದೇ ಇಲ್ಲ, ಆಗಲೇ ಮಂಡಿ ಹಿಡ್ಕೊಂತಾ?” ಎಂದು ನಗುತ್ತಾ ದೊಡ್ಡತ್ತೆ ತಂಗಿಯ ಪೆಟ್ಟಿಗೆಯ ಹಗ್ಗ ಕತ್ತರಿಸಿದಳು.

ಒಳಗೆ ಎಳೆಮಗುವಿನ ಟೋಪಿಗಳು, ಮೆತ್ತನೆಯ ಬಟ್ಟೆಗಳು, ಬಿಸಿನೀರಿನ ಚೀಲ. ಅವುಗಳ ಕೆಳಗೆ, ಕಳೆದುಹೋಯಿತೆಂದು ಅವಳು ತಿಂಗಳುಗಟ್ಟಲೆ ಹುಡುಕಿದ್ದ ಅವಳದೇ ಹೆರಿಗೆ ಚೀಲ. ತಳದವರೆಗೂ ಕೈಯಾಡಿಸಿದಳು. ಗಾಲಿ ಇರಲಿಲ್ಲ.

ಚಿಕ್ಕತ್ತೆಯ ಮಗಳು ಅದೇ ಊರಲ್ಲಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ತುಂಬಿದ ಬಸುರಿ ಎಂಬುದನ್ನು ಮಾತ್ರ ತಾಯಿ ಮಗಳು ಬಾಯಿಬಿಟ್ಟಿರಲಿಲ್ಲ.

“ನಿಜ ಹೇಳಿದ್ರೆ ನೀನು ಬರ್ತಿದ್ಯಾ ಅಕ್ಕ?”

“ಬರ್ತಿದ್ದೆ ಕಣೇ. ಅದಕ್ಕೇ ಹೊಟ್ಟೆ ಉರಿಯೋದು.”

ಮರುದಿನ ಬೆಳಿಗ್ಗೆ ದೊಡ್ಡತ್ತೆ ಆ ಚೀಲ ಹಿಡಿದು ತಂಗಿಯ ಮಗಳ ಮನೆಗೆ ಎರಡು ಬೀದಿ ನಡೆದಳು. ಹುಡುಗಿಯ ಕಾಲಿನ ಬಾವು ಒತ್ತಿ ನೋಡಿ, ಉಪ್ಪು ಕಡಿಮೆ ಮಾಡು ಅಂದಳಂತೆ. ಹೆರಿಗೆ ಆಸ್ಪತ್ರೆಯಲ್ಲೇ ಸಲೀಸಾಗಿ ಆಯಿತು. ಕೂಸಿಗೆ ನೀರು ಹಾಕುವುದು, ರಾತ್ರಿ ಎತ್ತಿ ತಿರುಗುವುದು ಎಲ್ಲ ದೊಡ್ಡತ್ತೆಯ ಪಾಲಿಗೆ ಬಂತು. ನದಿಯನ್ನು ಅವಳು ನೋಡಿದ್ದು ಹೋಗಿಬರುವಾಗ, ವಿಮಾನದ ಕಿಟಕಿಯಿಂದ. ಹೊರಡುವ ಮುಂಚೆ ಪೆಡಲ್ ಬಿಚ್ಚುವಾಗ ತಂಗಿ ಸ್ಪ್ಯಾನರ್ ಹಿಡಿಯಲು ಬಂದರೆ, ಬಿಡು ಅಂದಳಂತೆ.

ಊರಿಗೆ ಬಂದ ವಾರದಲ್ಲೇ ಚಿಕ್ಕತ್ತೆ ತನ್ನ ಮನೆಯಲ್ಲೇ ಬಿಟ್ಟುಹೋಗಿದ್ದ ನಾಲ್ಕೂ ಗಾಲಿ ಒರೆಸಿ, ಗಾಳಿ ತುಂಬಿಸಿ ತಂದು ಬಾಗಿಲ ಬಳಿ ಒರಗಿಸಿ ಹೋದಳು. ದೊಡ್ಡತ್ತೆ ಎರಡನ್ನು ಒಳಗೆ ತೆಗೆದುಕೊಂಡಳು. ಉಳಿದೆರಡನ್ನೂ ತಂಗಿಯ ಫ್ರೇಮನ್ನೂ ನನ್ನ ಕೈಲಿ ವಾಪಸ್ ಕಳಿಸಿದಳು.