ಒಳಗಿರುವವರ ಬೆರಳು

ಮಾಸಾನ್ ಬಂದರಿನ ಮೇಲಿನ ಏರುಬೀದಿಯಲ್ಲಿ ಪ್ಯೋ ಮಲ್ಸುನ್‌ಳ ಬೀಗದ ಗೂಡಂಗಡಿ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲು ಜಾಗವಿಲ್ಲದಷ್ಟು ಸಣ್ಣದು. ಕೀಲಿ ಕೊರೆಯುವ ಯಂತ್ರ, ಹೆಸರಿನ ಮೊಹರು ಕೆತ್ತುವ ಉಳಿಗಳು, ಗೋಡೆ ತುಂಬ ನೇತುಬಿದ್ದ ಕೀಲಿಗಳು, ಇವೆಲ್ಲದರ ನಡುವೆ ಐವತ್ತೆಂಟು ವರ್ಷದ ಗಿಡ್ಡ ಹೆಂಗಸು. ಹೊಸ ಗಿರಾಕಿಗಳು ಒಳಗೆ ಇಣುಕಿ, “ಯಜಮಾನ್ರು ಇಲ್ವಾ?” ಎಂದು ಕೇಳುವುದು ವಾಡಿಕೆ.

“ಯಜಮಾನ್ರ ಜೊತೇನೇ ಮಾತಾಡ್ತಿದೀರ. ಏನಾಗ್ಬೇಕಿತ್ತು?” ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

ಮಲ್ಸುನ್ ಎಂಬ ಹೆಸರಲ್ಲೇ ‘ಇದೇ ಕೊನೆಯದು’ ಎಂಬ ಅರ್ಥವಿದೆ. ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಸಿಟ್ಟಿನಲ್ಲಿ ಇಟ್ಟದ್ದು. ಆಮೇಲೂ ಒಂದು ಹೆಣ್ಣೇ ಹುಟ್ಟಿತು. “ನನ್ನ ಹೆಸರಿನ ಮಾತನ್ನೇ ಯಾರೂ ಕೇಳ್ಲಿಲ್ಲ, ನಾನ್ಯಾಕೆ ಬೇರೆಯವರ ಮಾತು ಕೇಳ್ಲಿ?” ಎಂದು ಅವಳು ನಗುತ್ತಿದ್ದಳು.

ಹದಿನೇಳನೇ ವಯಸ್ಸಿಗೆ ರೇಡಿಯೊ ಭಾಗಗಳನ್ನು ಬೆಸೆಯುವ ಕಾರ್ಖಾನೆಗೆ ಸೇರಿದಳು. ಒಂದು ಕೋಣೆಗೆ ಎಂಟು ಹುಡುಗಿಯರು, ತಲೆಗೊಂದು ತಗಡಿನ ಪೆಟ್ಟಿಗೆ. ವಸತಿಗೃಹದ ಮೇಲ್ವಿಚಾರಕಿ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಹುಡುಗಿಯರು ಕೆಲಸಕ್ಕೆ ಹೋದಾಗ ಪೆಟ್ಟಿಗೆಗಳನ್ನು ತೆರೆದು ಕೆದಕುತ್ತಿದ್ದಳು. ಸಿಕ್ಕಿದ ಕಾಗದಗಳನ್ನು ಹಾಜರಿ ಕರೆಯುವಾಗ ಎಲ್ಲರೆದುರು ಓದಿ ನಗುತ್ತಿದ್ದಳು. ಮಲ್ಸುನ್ ತನ್ನ ಪೆಟ್ಟಿಗೆಗೆ ಸಣ್ಣದೊಂದು ಬೀಗ ತಂದು ಹಾಕಿದಳು. ಮೇಲ್ವಿಚಾರಕಿ ಸುತ್ತಿಗೆಯಿಂದ ಒಡೆದಳು. ಇನ್ನೊಂದು ತಂದಳು. ಅದೂ ಹೋಯಿತು. ಮೂರನೆಯದಕ್ಕೆ ಹೋದಾಗ ಬೀಗದಂಗಡಿಯ ಹುಡುಗ ಓಕ್ ಚಾಂಗ್‌ಗಿಲ್ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ಏನಮ್ಮ, ಬೀಗ ತಿಂತೀಯಾ?”

ಅವಳು ಇದ್ದದ್ದನ್ನು ಹೇಳಿದಳು. ಅವನು ಒಳಗಿನಿಂದ ಮುಷ್ಟಿಗಾತ್ರದ ಬೀಗವೊಂದನ್ನು ತಂದುಕೊಟ್ಟ. “ಇದನ್ನ ಒಡೆಯೋಕಾಗಲ್ಲ. ಒಡೆದ್ರೆ ಪೆಟ್ಟಿಗೇನೇ ಒಡೀಬೇಕು,” ಎಂದ.

ಮೇಲ್ವಿಚಾರಕಿ ಪೆಟ್ಟಿಗೆಯನ್ನೇ ಒಡೆದಳು. ಮಲ್ಸುನ್ ಆ ದಿನವೇ, ಹಾಡಹಗಲಲ್ಲಿ, ಬಾಯ್ತೆರೆದ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಕಾರ್ಖಾನೆಯ ಮುಂಬಾಗಿಲಿನಿಂದಲೇ ಹೊರಬಿದ್ದಳು. ಎರಡು ವರ್ಷದ ಮೇಲೆ ಚಾಂಗ್‌ಗಿಲ್‌ನನ್ನು ಮದುವೆಯಾದಳು.

ಮೂವತ್ತು ವರ್ಷ ಲೋಹದ ಪುಡಿ ಕುಡಿದ ಚಾಂಗ್‌ಗಿಲ್‌ನ ಶ್ವಾಸಕೋಶ ಕೈಕೊಟ್ಟಾಗ ಗೂಡಂಗಡಿ ಅವಳ ಪಾಲಿಗೆ ಬಂತು. ಆ ಹೊತ್ತಿಗೆ ಊರೆಲ್ಲ ಅಂಕಿ ಒತ್ತುವ ಬೀಗಗಳಾಗಿ, ಅವುಗಳ ಹಿಂದೆಯೇ ಬೆರಳಚ್ಚಿನ ಬೀಗಗಳೂ ಬಂದಿದ್ದವು. “ಕೀಲಿಯಿಲ್ಲದ್ದೂ ಒಂದು ಬೀಗಾನಾ?” ಎಂದು ಚಾಂಗ್‌ಗಿಲ್ ಮುಖ ತಿರುಗಿಸಿದ. ಮಲ್ಸುನ್ ಒಂದನ್ನು ತಂದು ಮನೆಯ ಬಾಗಿಲಿಗೇ ಹಾಕಿದಳು; ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ಒಂದು ಸಲ ತಾನೇ ಹೊರಗೆ ಸಿಕ್ಕಿಕೊಂಡು, ಒಳಗೆ ಕೆಮ್ಮುತ್ತಿದ್ದ ಗಂಡನಿಂದ ಬೈಸಿಕೊಂಡಳು. ಆದರೂ ಕಲಿತಳು. ಆ ಬೀದಿಯಲ್ಲಿ ಒಂಟಿ ಕೋಣೆಯ ಬಾಡಿಗೆ ಕಟ್ಟಡಗಳು ಹೆಚ್ಚು. ಕೆಲವೇ ವರ್ಷಗಳಲ್ಲಿ ಅರ್ಧಕ್ಕರ್ಧ ಬಾಗಿಲುಗಳ ಬೀಗಗಳು ಅವಳ ಕೈಯಿಂದಲೇ ಕೂತವು.

ಬಾಂಗ್ ಯಜಮಾನನ ನಾಲ್ಕು ಮಹಡಿಯ ಕಟ್ಟಡದ ಹದಿನೆಂಟು ಬಾಗಿಲುಗಳೂ ಅದರಲ್ಲಿ ಸೇರಿದ್ದವು. ಬಾಂಗ್ ಬೀದಿಯ ವರ್ತಕರ ಸಂಘದ ಅಧ್ಯಕ್ಷ, ಗಟ್ಟಿಯಾಗಿ ನಗುವ ಮನುಷ್ಯ. ಬೀಗಗಳನ್ನು ಕೂರಿಸಿ ಮುಗಿದ ದಿನ ಅವನು ಹೇಳಿದ್ದ: “ಬೆರಳು ಸೇರಿಸೋ ಕೆಲಸ ನನಗೆ ಬಿಡಿ ಬೀಗದಮ್ಮ. ಬಾಡಿಗೆಯವರು ಬಂದಂಗೆ ನಾನೇ ಹೇಳಿಕೊಡ್ತೀನಿ.” ಮಲ್ಸುನ್‌ಗೆ ಸೊಂಟ ನೋಯುತ್ತಿತ್ತು. ಆಗಲಿ ಎಂದು ಚೀಲ ಕಟ್ಟಿಕೊಂಡು ಬಂದಿದ್ದಳು.

ಎರಡು ವರ್ಷದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ಅದೇ ಕಟ್ಟಡದ ಮುನ್ನೂರ ಎರಡನೇ ಕೋಣೆಯಿಂದ ಕರೆ ಬಂತು. ಬೀಗ ಬ್ಯಾಟರಿ ಮುಗಿಯುವ ರಾಗ ಹಾಡುತ್ತಿದೆಯಂತೆ. ಅಲ್ಲಿದ್ದವಳು ತಾಕ್ ಯೂರಿಮ್, ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಇಪ್ಪತ್ತನಾಲ್ಕರ ಹುಡುಗಿ. ಮಲ್ಸುನ್ ಬ್ಯಾಟರಿ ಬದಲಿಸುವಷ್ಟು ಹೊತ್ತೂ ಅವಳು ಪಕ್ಕದಲ್ಲೇ ಉಗುರು ಕಚ್ಚುತ್ತ ನಿಂತಿದ್ದಳು.

“ಚಿಕ್ಕಮ್ಮ, ಈ ಬೀಗ ತನ್ನಷ್ಟಕ್ಕೆ ತಾನೇ ತೆರ್ಕೊಳ್ಳೋದುಂಟಾ?”

“ಯಾಕೆ?”

“ನಾನು ತೆರೆದಿಟ್ಟು ಹೋದ ಕಿಟಕಿ ಮುಚ್ಚಿರುತ್ತೆ. ಬಟ್ಟೆ ಒಣಗಿಸೋ ಸ್ಟ್ಯಾಂಡು ಜಾಗ ಬದಲಾಗಿರುತ್ತೆ. ಹೋದ ವಾರ ಕಕ್ಕಸಿನ ಸೀಟು ಮೇಲೆತ್ತಿತ್ತು. ನಾನೊಬ್ಳೇ ಇರೋದು. ನಿಂಗೆ ಮರೆವು ಅಂತ ನಮ್ಮಮ್ಮ ಹೇಳ್ತಾಳೆ.”

ಮಲ್ಸುನ್‌ಳ ಕೈ ನಿಂತಿತು. “ಎಷ್ಟು ಬೆರಳು ಕೊಟ್ಟಿದೀಯ ಇದಕ್ಕೆ?”

“ಒಂದೇ. ಬಲಗೈ ಹೆಬ್ಬೆರಳು.”

ಮಲ್ಸುನ್ ಒಳಬದಿಯ ಮುಚ್ಚಳ ತೆಗೆದು ಗುಂಡಿ ಒತ್ತಿದಳು. ಬೀಗದೊಳಗಿನ ಹೆಣ್ಣುದನಿ ನಯವಾಗಿ ಹೇಳಿತು: ಎರಡು ಬೆರಳಚ್ಚುಗಳಿವೆ.

“ಒಂದೇ ಕೊಟ್ಟಿದ್ದು ನಾನು,” ಎಂದಳು ಯೂರಿಮ್, ಹೆಬ್ಬೆರಳನ್ನು ಎತ್ತಿ ತೋರಿಸುತ್ತ. ಮಲ್ಸುನ್‌ಗೆ ಕಿವಿ ಬಿಸಿಯಾಯಿತು. ಎರಡು ವರ್ಷದ ಹಿಂದೆ ತಾನು ಸೊಂಟ ಹಿಡಿದುಕೊಂಡು ಇಳಿದ ಮೆಟ್ಟಿಲುಗಳು ಕಣ್ಣಮುಂದೆ ಬಂದವು. ತಾನು ಬೀಗ ಹಾಕಿಕೊಟ್ಟದ್ದು ಈ ಹುಡುಗಿಗಲ್ಲ, ಬೇರೆ ಯಾರಿಗೋ. ಅವಳು ಯೂರಿಮ್‌ಳ ಫೋನಿನಲ್ಲಿ ಆ ದನಿಯನ್ನು ಚಿತ್ರದ ಸಮೇತ ರೆಕಾರ್ಡ್ ಮಾಡಿಸಿದಳು. ಆಮೇಲೆ ಎಲ್ಲ ಬೆರಳುಗಳನ್ನೂ ಅಳಿಸಿ ಹುಡುಗಿಯ ಹೆಬ್ಬೆರಳೊಂದನ್ನೇ ಮತ್ತೆ ಸೇರಿಸಿದಳು.

“ಯಾರ ಹತ್ರಾನೂ ಬಾಯಿ ಬಿಡಬೇಡ. ಯಾರು ಬಂದು ಕದ ತಟ್ಟಿ ಅಳ್ತಾರೋ ನೋಡೋಣ,” ಎಂದಳು.

ಕಾಯಬೇಕಾದದ್ದು ಒಂದೇ ದಿನ. ಮರುದಿನ ಮಧ್ಯಾಹ್ನ ಬಾಂಗ್ ಗೂಡಂಗಡಿಯ ಮುಂದೆ ಬಂದು ನಿಂತ.

“ಏನ್ ಬೀಗ ಹಾಕಿದೀರ್ರೀ ಬೀಗದಮ್ಮ? ಮುನ್ನೂರ ಎರಡು ಕೆಟ್ಟೋಗಿದೆ. ಬೆರಳಿಟ್ರೆ ತಗೊಳ್ತಾನೇ ಇಲ್ಲ.”

ಮಲ್ಸುನ್ ಯಂತ್ರ ನಿಲ್ಲಿಸಿದಳು. “ಯಾರ ಬೆರಳು ಯಜಮಾನ್ರೇ?”

ಪಕ್ಕದ ತಿಂಡಿಗಾಡಿಯಲ್ಲಿ ಮೀನಿನ ಬಿಲ್ಲೆ ಬೇಯಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಇತ್ತ ತಿರುಗಿದಳು.

“ಆ ಹುಡುಗಿ ಈಗ ಕೆಲಸದಲ್ಲಿದಾಳೆ. ಹಾಗಾದ್ರೆ ಯಾರ ಬೆರಳಿಟ್ರಿ?” ಎಂದಳು ಮಲ್ಸುನ್.

“ಕಟ್ಟಡ ನನ್ನದು ಕಣ್ರೀ! ಗ್ಯಾಸ್ ಸೋರಿದ್ರೆ? ಬೆಂಕಿ ಬಿದ್ರೆ?”

“ಬೆಂಕಿ ಬಿದ್ರೆ ಬಾಗಿಲು ಒಡೀತಾರೆ. ಕಿಟಕಿ ಮುಚ್ಚಿ, ಕಕ್ಕಸಿಗೆ ಹೋಗಿ ಬರಲ್ಲ.”

ಬಾಂಗ್‌ನ ಮುಖ ಇದ್ದಿಲಾಯಿತು. ದನಿ ತಗ್ಗಿಸಿ, “ನೋಡಿ, ನಿಮ್ಮ ಈ ಡಬ್ಬ ನಿಂತಿರೋದು ಸಂಘ ಕಣ್ಮುಚ್ಕೊಂಡಿದೆ ಅಂತ. ಈ ಬೀದಿಯ ಒಂದು ಬಾಗಿಲೂ ನಿಮಗೆ ಸಿಗದಂಗೆ ಮಾಡೋದು ನನಗೆ ಒಂದು ಫೋನಿನ ಕೆಲಸ. ಸುಮ್ನೆ ಬಂದು ನನ್ನ ಬೆರಳು ಮತ್ತೆ ಸೇರಿಸಿ,” ಎಂದ.

ಮಲ್ಸುನ್ ಎದ್ದು, ಸಲಕರಣೆಗಳ ಚೀಲ ಹೆಗಲಿಗೇರಿಸಿ, ಗೂಡಂಗಡಿಯ ಕದ ಎಳೆದಳು. “ನಡೀರಿ.”

ಬಾಂಗ್ ಗೆದ್ದೆನೆಂದುಕೊಂಡು, ಸಂಘದ ಕಚೇರಿಯಲ್ಲಿ ಕೆಲಸವಿದೆ, ಸಂಜೆಯೊಳಗೆ ಮುಗಿಸಿ ಎಂದು ಹೊರಟುಹೋದ. ಮಲ್ಸುನ್ ಕಟ್ಟಡದ ಮೆಟ್ಟಿಲ ಮೇಲೆ ಕೂತಳು. ಬಾಡಿಗೆಯವರು ಕೆಲಸದಿಂದ, ಕಾಲೇಜಿನಿಂದ ಒಬ್ಬೊಬ್ಬರಾಗಿ ಬಂದಂತೆ ಅವರ ಹಿಂದೆ ಹೋಗಿ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು, ಒಂದೇ ಪ್ರಶ್ನೆ ಕೇಳಿದಳು: “ಎಷ್ಟು ಬೆರಳು ಕೊಟ್ಟಿದೀರ?” ಆಮೇಲೆ ಗುಂಡಿ ಒತ್ತಿ ಬೀಗದ ಬಾಯಿಂದಲೇ ಉತ್ತರ ಕೇಳಿಸಿದಳು. ಈ ಸಲ ಅವಳು ಏನನ್ನೂ ಅಳಿಸಲಿಲ್ಲ.

ಏಳು ಗಂಟೆಯೊಳಗೆ ಹದಿನೆಂಟೂ ಕೋಣೆಗಳ ಲೆಕ್ಕ ಸಿಕ್ಕಿತು. ಒಂಬತ್ತರಲ್ಲಿ ಗಂಡಸರು; ಅವರು ಕೊಟ್ಟಷ್ಟೇ ಬೆರಳುಗಳಿದ್ದವು. ಒಂಬತ್ತರಲ್ಲಿ ಹೆಂಗಸರು. ಯೂರಿಮ್‌ಳದು ನಿನ್ನೆಯೇ ಅಳಿಸಿದ್ದಾಗಿತ್ತು. ಉಳಿದ ಎಂಟರಲ್ಲೂ ಅವರು ಕೊಡದ ಬೆರಳಿತ್ತು.

ಹೆಂಗಸರೆಲ್ಲ ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ ಸೇರಿದರು. ಒಬ್ಬಳು ಅಳುತ್ತಿದ್ದಳು. ಅದೇ ಮಹಡಿಯಲ್ಲಿದ್ದ, ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುವ ದಪ್ಪ ಹೆಂಗಸು ಮಾತ್ರ ತೋಳು ಕಟ್ಟಿ ನಿಂತಿದ್ದಳು. ಅಷ್ಟರಲ್ಲಿ ಬಾಂಗ್ ಬಂದ.

“ಏನಿದು ಜಾತ್ರೆ? ಬೀಗದಮ್ಮ, ಇದು ಅತಿಕ್ರಮ ಪ್ರವೇಶ! ಪೊಲೀಸರನ್ನ ಕರೀತೀನಿ!”

“ಯೂರಿಮ್ ಆಗ್ಲೇ ಕರೆದಿದಾಳೆ. ನೀವೂ ಒಂದು ಸಲ ಕರೀರಿ, ಬೇಗ ಬರ್ತಾರೆ.”

ಬಂದ ಪೊಲೀಸಿನವನು ಚಿಕ್ಕ ವಯಸ್ಸಿನವನು. ಎಲ್ಲರೂ ಒಟ್ಟಿಗೆ ಮಾತಾಡಿದ್ದನ್ನು ಕೇಳಿ ಗೊಂದಲಗೊಂಡ. “ಇದು ಮನೆ ಮಾಲೀಕರು, ಬಾಡಿಗೆಯವರ ನಡುವಿನ ವಿಷಯ ಅಲ್ವಾ ಅಮ್ಮ? ಕೂತು ಮಾತಾಡ್ಕೊಳ್ಳಿ,” ಎಂದ.

“ನಿಂತೇ ಮಾತಾಡೋಣ,” ಎಂದಳು ಮಲ್ಸುನ್. “ಬೀಗ ಕೂರಿಸಿದವಳು ನಾನು. ಬೆರಳು ಸೇರಿಸೋದನ್ನ ಇವರ ಕೈಗೆ ಬಿಟ್ಟು ಹೋದವಳೂ ನಾನೇ. ಅದು ನನ್ನ ತಪ್ಪು, ಮೊದಲು ಅದನ್ನ ಬರ್ಕೊಳ್ಳಿ. ಬರೆದಾಯ್ತಾ? ಈಗ ಇವರ ಬೆರಳನ್ನ ಈ ಎದುರಿನ ಬಾಗಿಲಿಗೆ ಇಡಿಸಿ.”

“ನಾನ್ಯಾಕೆ ಇಡ್ಲಿ?” ಬಾಂಗ್ ಎರಡೂ ಕೈಗಳನ್ನು ಜೇಬಿಗೆ ಇಳಿಸಿದ.

“ಬೇಸಿಗೇಲಿ ಯಜಮಾನ್ರಿಗೆ ಚಳಿ!” ಎಂದಳು ಬಣ್ಣದ ಹೆಂಗಸು. ಅಳುತ್ತಿದ್ದವಳೂ ಮೂಗು ಒರೆಸಿಕೊಳ್ಳುತ್ತ ನಕ್ಕಳು.

ಆ ನಗು ಬಾಂಗ್‌ಗೆ ತಡೆಯಲಾಗಲಿಲ್ಲ. “ನೋಡ್ಕೊಳ್ಳಿ!” ಎಂದವನೇ ಎಡಗೈ ಹೊರತೆಗೆದು ಬಣ್ಣದ ಹೆಂಗಸಿನ ಕೋಣೆಯ ಬೀಗಕ್ಕೆ ತೋರುಬೆರಳು ಒತ್ತಿದ. ಬೀಗ ಕೀಚಲು ಸದ್ದು ಮಾಡಿ ಸುಮ್ಮನಾಯಿತು. “ಆಯ್ತಾ? ಸಮಾಧಾನವಾ?”

“ಇನ್ನೊಂದು ಕೈ,” ಎಂದಳು ಮಲ್ಸುನ್.

ಪೊಲೀಸಿನವನು ಈಗ ಬಾಂಗ್‌ನ ಬಲಜೇಬನ್ನೇ ನೋಡುತ್ತಿದ್ದ. “ಇಡಿ ಸಾರ್,” ಎಂದ, ದನಿ ಬದಲಾಗಿತ್ತು. “ಏನೂ ಇಲ್ದಿದ್ರೆ ಇಡೋದ್ರಲ್ಲಿ ಏನಿದೆ?”

ಬಾಂಗ್‌ನ ಬಲಗೈ ಹೊರಬರಲು ಬಹಳ ಹೊತ್ತು ಹಿಡಿಯಿತು. ಹೆಬ್ಬೆರಳು ತಾಗಿದ್ದೇ ತಡ, ಬೀಗ ಎಂದಿನ ಸ್ವಾಗತದ ರಾಗ ಹಾಡಿ ಕಳಚಿಕೊಂಡಿತು. ಬಾಗಿಲು ಒಂದು ಗೇಣು ತೆರೆಯಿತು. ಒಳಗೆ ಬಣ್ಣದ ಹೆಂಗಸಿನ ಒಗೆದ ಒಳಬಟ್ಟೆಗಳು ತಂತಿಯ ಮೇಲೆ ಒಣಗುತ್ತಿದ್ದವು. ಅವಳು ಮುಂದೆ ಬಂದು ಬಾಗಿಲನ್ನು ಎಳೆದು ಮುಚ್ಚಿದಳು.

ಬಾಂಗ್‌ಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು, ಆದರೆ ಅಮಾನತಿನಲ್ಲಿಟ್ಟಿತು. ಒಂದು ದಿನವೂ ಅವನು ಜೈಲಿನಲ್ಲಿರಲಿಲ್ಲ. ಸಂಘದ ಅಧ್ಯಕ್ಷಗಿರಿ ಮಾತ್ರ ಹೋಯಿತು. ಆದರೂ ಅವನ ಫೋನು ಕೆಲಸ ಮಾಡಿಯೇ ಇತ್ತು. ಆ ಬೇಸಿಗೆ ಮುಗಿಯುವುದರೊಳಗೆ, ಜನರ ಓಡಾಟಕ್ಕೆ ಅಡ್ಡಿ ಎಂಬ ಕಾರಣ ಕೊಟ್ಟು ಗೂಡಂಗಡಿಯನ್ನು ಎತ್ತಿಸಿದರು. ಏರುಬೀದಿಯ ಮಾಲೀಕರಲ್ಲಿ ಬಹಳ ಜನ ಅವಳನ್ನು ಕರೆಯುವುದು ಬಿಟ್ಟರು. ಬಾಡಿಗೆಯವರ ತಲೆ ಕೆಡಿಸುವವಳು ಎಂದು ಹೆಸರಾಯಿತು. ಯೂರಿಮ್ ಬೇರೆ ಕಡೆ ಮನೆ ಹಿಡಿದು ಹೋದಳು. ಹೋಗುವ ಮುಂಚೆ ಮಲ್ಸುನ್‌ಳ ಮನೆಗೆ ಬಂದು, ತನ್ನ ಆಸ್ಪತ್ರೆಯಿಂದ ತಂದ ಎರಡು ಹಲ್ಲುಜ್ಜುವ ಬ್ರಷ್ ಕೊಟ್ಟು ಹೋದಳು.

ಲಾರಿಯಲ್ಲಿ ಗೂಡಂಗಡಿ ಹೊರಟದ್ದನ್ನು ಚಾಂಗ್‌ಗಿಲ್ ಕಿಟಕಿಯಿಂದ ನೋಡಿದ. ಅದರ ಮುಂಬಾಗಿಲ ಕದಕ್ಕೆ ಅವನೇ ಹಸಿರು ಬಣ್ಣ ಹೊಡೆದಿದ್ದ.

“ಅರ್ಧ ಬೀದಿ ಜೊತೆ ಜಗಳ ಆಡಿದ್ದಾಯ್ತು ನೀನು,” ಎಂದ, ಉಸಿರು ಎಳೆದುಕೊಳ್ಳುತ್ತ.

“ಇನ್ನರ್ಧ ಇದೆಯಲ್ಲ. ನೀನು ಗಂಜಿ ಕುಡಿ.”

ಮರುದಿನದಿಂದ ಅವಳು ಹಳೆಯ ಸ್ಕೂಟರಿಗೆ ಹಿಂದೊಂದು ಡಬ್ಬಿ ಕಟ್ಟಿಸಿಕೊಂಡು ಊರಿನ ಬೇರೆ ಬೇರೆ ಕಡೆಗೆ ಹೊರಟಳು. ಡಬ್ಬಿಯ ಮೇಲೆ ತನ್ನ ಫೋನ್ ನಂಬರನ್ನೂ ‘ಪ್ಯೋ ಮಲ್ಸುನ್’ ಎಂಬ ಹೆಸರನ್ನೂ ದೊಡ್ಡದಾಗಿ ಬರೆಸಿದಳು. ಇಷ್ಟು ವರ್ಷವೂ ಗೂಡಂಗಡಿಯ ಮೇಲೆ ಇದ್ದದ್ದು ಗಂಡನ ಹೆಸರು. ಮೊದಲ ತಿಂಗಳು ಕೆಲಸವೇ ಇರಲಿಲ್ಲ. ಆಮೇಲೆ ಕರೆಗಳು ಬರತೊಡಗಿದವು, ಹೆಚ್ಚಿನವು ಹೆಂಗಸರ ದನಿಗಳು. “ಬೆರಳು ಲೆಕ್ಕ ಹಾಕಿಕೊಡೋ ಅಮ್ಮ ನೀವೇನಾ?” ಎಂದು ಕೇಳುತ್ತಿದ್ದರು.

ಮೊನ್ನೆ ಶರತ್ಕಾಲದಲ್ಲಿ ಮೀನುಮಾರುಕಟ್ಟೆಯ ಹಿಂದಿನ ಒಂದು ಮನೆಗೆ ಹೋಗಿದ್ದಳು. ಮಾಲೀಕಿ ಗುಂಗುರು ಕೂದಲಿನ ಮುದುಕಿ. ಬಾಡಿಗೆಗೆ ಬಂದವಳು ಇನ್ನೂ ಸಾಮಾನಿನ ಗಂಟು ಬಿಚ್ಚದ ಹುಡುಗಿ. ಬೀಗ ಕೂರಿಸಿ ಮುಗಿಯುತ್ತಿದ್ದಂತೆ ಮುದುಕಿ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಬಂದಳು.

“ಮೊದಲು ನಂದು ಹಾಕು. ಮನೆಯೊಡತಿ ನಾನು.”

ಮಲ್ಸುನ್ ಸ್ಕ್ರೂಡ್ರೈವರ್ ತೆಗೆದು, ಈಗಷ್ಟೇ ಬಿಗಿದ ಸ್ಕ್ರೂಗಳನ್ನು ಸಡಿಲಿಸತೊಡಗಿದಳು.

“ಏಯ್, ಏನ್ ಮಾಡ್ತಿದೀಯೇ?”

“ಬಿಚ್ಕೊಂಡು ಹೋಗ್ತಿದೀನಿ ಅಕ್ಕ. ನಿಮಗೆ ಬೇಕಾಗಿರೋದು ಬೀಗ ಅಲ್ಲ, ಕಿಂಡಿ. ಅದನ್ನ ಬಡಗಿ ಕೈಲಿ ಮಾಡಿಸ್ಕೊಳ್ಳಿ.”

“ಅಬ್ಬಬ್ಬಾ, ಏನ್ ನಾಲಿಗೆ!” ಮುದುಕಿ ಬಾಡಿಗೆಯ ಹುಡುಗಿಯನ್ನು ನೋಡಿದಳು. ಅವಳು ಆಗಲೇ ಗಂಟನ್ನು ಎತ್ತಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಮುದುಕಿ ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದಳು. “ಸರಿ, ಸರಿ! ನನಗೇನು ಇವಳ ಹಾಸಿಗೆ ನೋಡೋ ಆಸೇನಾ? ಹಾಕ್ಕೊಳ್ಳಿ ನಿಮ್ಮ ಬೆರಳು!”

“ಕೆಳಗೆ ಹೋಗಿ ನಿಂತಿರಿ ಅಕ್ಕ. ಮುಗಿದ ಮೇಲೆ ಕರೀತೀನಿ.”

ಗೊಣಗುತ್ತ ಇಳಿಯುವ ಹೆಜ್ಜೆಗಳು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಮಲ್ಸುನ್ ಕಾದಳು. ಆಮೇಲೆ ಸ್ಕ್ರೂಗಳನ್ನು ಮತ್ತೆ ಬಿಗಿದು, ಹುಡುಗಿಯ ಕಡೆ ತಿರುಗಿ, “ಬಾ, ಕೈ ಒರೆಸ್ಕೊ,” ಎಂದಳು.