ಸೋದರಮಾವನ ಕೈ

ಕೊಪ್ಪದಲ್ಲಿ ನಮ್ಮದೊಂದು ಬಟ್ಟೆ ಅಂಗಡಿಯಿತ್ತು. ನನ್ನ ಗಂಡ ಗಿರಾಕಿಗಳನ್ನು ನಗಿಸಿ ನಗಿಸಿಯೇ ಸೀರೆ ಮಾರುತ್ತಿದ್ದವರು. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಆ ನಗು ನಿಂತಿತು. ಬಲಗೈ ನಡುಗತೊಡಗಿತು. ಕೈ ನಡುಗಿದ್ದನ್ನು ಜನ ಕಾಯಿಲೆ ಎಂದರು; ಮುಖ ಬಿಗಿದದ್ದನ್ನು ಮಾತ್ರ ಸೊಕ್ಕು ಎಂದರು.

ಇವರ ತಂಗಿ ಕಡಹಿನಬೈಲಿನಿಂದ ಮಗಳ ಮದುವೆಗೆ ಕರೆಯಲು ಬಂದಳು. ಇವರು ಬಿಗಿದ ಮುಖದಲ್ಲೇ ಅವಳನ್ನು ನೋಡಿದರು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಆಮೇಲೆ ಸುದ್ದಿ ಬಂತು: ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವ ಸೋದರಮಾವನ ಕೆಲಸವನ್ನು ದೊಡ್ಡಪ್ಪನ ಮಗನಿಗೆ ಒಪ್ಪಿಸಿದ್ದಾಳೆ. ಹುಡುಗಿ ಹುಟ್ಟಿದಂದಿನಿಂದ ಅದಕ್ಕೆ ಕಾದವರು ಇವರು. ಕಣ್ಣಲ್ಲಿ ನೀರು ಬಂತು, ಮುಖ ಕದಲಲಿಲ್ಲ.

ಮರುದಿನವೇ ಕಡಹಿನಬೈಲಿಗೆಂದು ನರಸಿಂಹರಾಜಪುರದ ಬಸ್ಸು ಹತ್ತಿದೆ.

"ಅಣ್ಣಂಗೆ ಇಷ್ಟ ಇಲ್ಲ ಅಂದ್ರೆ ಬಿಡಿ ಅತ್ತಿಗೆ," ಎಂದಳು ನಾದಿನಿ. "ಒಂದು ನಗೆಯಾದ್ರೂ ಬೇಡ್ವಾ?"

"ನಗ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಅದೇ ಕಾಯಿಲೆ, ಪಾರ್ಕಿನ್ಸನ್."

ಡಾಕ್ಟರು ಹೇಳಿದ್ದನ್ನು ತಪ್ಪದಂತೆ, ನಿಧಾನವಾಗಿ ಹೇಳಿದೆ. ಜೀವಕೋಶದೊಳಗೆ ಪ್ರೋಟೀನು ಉದ್ದ ಸರದಂತೆ ತಯಾರಾಗುತ್ತದೆ. ಬಹುಪಾಲು ಪ್ರೋಟೀನುಗಳು ಸರಿಯಾಗಿ ಮಡಿಚಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತವೆ. ಇವರ ಮಿದುಳಿನಲ್ಲಿ ಒಂದು ಬಗೆಯದು ತಪ್ಪು ಆಕಾರ ತಾಳಿ, ತನ್ನಂಥವಕ್ಕೆ ಅಂಟಿ ಗಂಟಾಗುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಕೆಟ್ಟದ್ದನ್ನು ಒಡೆದು ತೆಗೆಯುವ ಏರ್ಪಾಡು ಸೋಲುತ್ತದೆ, ಒಳಗಿನ ಸಾಗಾಟಕ್ಕೆ ತಡೆಯಾಗುತ್ತದೆ, ಶಕ್ತಿ ಹುಟ್ಟುವುದು ಕುಗ್ಗುತ್ತದೆ, ಕೊನೆಗೆ ಕೋಶ ಸಾಯುತ್ತದೆ. ಹೀಗೆ ಸಾಯುವುದು ಮೈಯ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು. ಅದು ಕಡಿಮೆಯಾದರೆ ಕೈಕಾಲಿನಂತೆ ಮುಖವೂ ಮನಸ್ಸಿನ ಮಾತು ಕೇಳುವುದಿಲ್ಲ. ಇದೆಲ್ಲ ಯಾಕೆ ಶುರುವಾಗುತ್ತದೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಿಟ್ಟಲ್ಲ ಅಂತಾಯ್ತು. ಆದ್ರೂ ಅಷ್ಟು ಜನರ ಎದುರು ಬಿದ್ದುಗಿದ್ದರೆ?"

"ಬಿದ್ರೆ ಎತ್ತುವಾ. ನಿಂಗೆ ಅಣ್ಣ ಬೇಕಾ, ಫೋಟೋಕ್ಕೆ ಗೊಂಬೆ ಬೇಕಾ?"

"ನಿಮ್ಮ ಬಾಯಿಗೆ ಹೆದರಿಯೇ ಅವನ ನಗು ಹೋಯ್ತಾ ಎಂತ!"

ಒಪ್ಪಿದಳು. ಆದರೂ ದೊಡ್ಡಪ್ಪನ ಮಗ ಪಕ್ಕದಲ್ಲೇ ಇರಲಿ ಎಂದಳು.

ಮದುವೆಯ ದಿನ ಶೃಂಗೇರಿಯ ಛತ್ರದಲ್ಲಿ ಹುಡುಗಿಯ ಕೈಹಿಡಿದು ಹೊರಟ ಇವರು ಹೊಸ್ತಿಲಲ್ಲಿ ನಿಂತುಬಿಟ್ಟರು, ಪಾದ ನೆಲಕ್ಕೆ ಅಂಟಿದಂತೆ. ವಾಲಗ ಜೋರಾಯಿತು. ದೊಡ್ಡಪ್ಪನ ಮಗ ಹುಡುಗಿಯತ್ತ ಕೈಚಾಚಿದ. ನಾನು ಅಡ್ಡ ನಿಂತೆ. ದಾಟಲು ಎದುರಿಗೆ ಏನಾದರೂ ಇದ್ದರೆ ಇವರ ಹೆಜ್ಜೆ ಏಳುತ್ತದೆಂದು ಮನೆಯಲ್ಲಿ ಕಂಡುಕೊಂಡಿದ್ದೆ. ನನ್ನ ಕಾಲನ್ನೇ ಅವರ ಪಾದದ ಮುಂದೆ ಇಟ್ಟೆ.

"ಶುಭಕಾರ್ಯದಲ್ಲಿ ಕಾಲು ಅಡ್ಡ ಇಡೋದಾ? ಎಂತಮ್ಮ ಇದು, ಮುಹೂರ್ತ ಮೀರ್ತದೆ!" ಎಂದರು ಪುರೋಹಿತರು.

"ಇವರಿಗೆ ದಾಟ್ಲಿಕ್ಕೆ. ಮುಹೂರ್ತ ಕಾಯ್ಲಿ."

ಹುಡುಗಿ ಹಿಡಿದ ಕೈ ಬಿಡಲಿಲ್ಲ. "ನಿಧಾನ ಬನ್ನಿ ಮಾವ, ನಂಗೆ ಅವಸರ ಇಲ್ಲ," ಎಂದಳು.

ಅವರು ಕಾಲೆತ್ತಿ ನನ್ನ ಪಾದ ದಾಟಿದರು. ಮಂಟಪದ ಮೆಟ್ಟಿಲ ಬಳಿ ಮತ್ತೆ ನಿಂತರು. ಈ ಸಲ ರೇಷ್ಮೆ ಸೀರೆಯ ನೆರಿಗೆ ಎತ್ತಿ ಅಣ್ಣನ ಪಾದದ ಮುಂದೆ ಕಾಲಿಟ್ಟವಳು ನಾದಿನಿ.